ಹಿತ್ತಾಳೆ ರಿಂಗಿನ ಹಿಡಿತ

ಜಯಪುರದ ಸುತ್ತಿನ ಅಡಿಕೆ, ಕಾಫಿ ತೋಟಗಳ ಏರುದಾರಿಯಲ್ಲಿ ಜೀಪಿನ ಮರ್ಯಾದೆ ಉಳಿಯುವುದು ಗೇರ್‌ಬಾಕ್ಸಿನಿಂದ. ಲೋಡು ಹೊತ್ತು ಕೆಸರಿನಲ್ಲಿ ಇಳಿಯುವಾಗ ಸೆಕೆಂಡ್ ಗೇರ್ ತಾನಾಗಿ ಹಾರಿ ನ್ಯೂಟ್ರಲ್‌ಗೆ ಬಂದರೆ ಎದೆ ಝಲ್ಲೆನ್ನುತ್ತದೆ.

ಹಳೆಯ ವಿಲ್ಲಿಸ್ ಜೀಪಿನ ಮೂರು ಗೇರಿನ ಬಾಕ್ಸಿನಲ್ಲಿ ಫಸ್ಟ್‌ಗೆ ಗೇರಿನ ವೇಗ ಹೊಂದಿಸುವ ಸಿಂಕ್ರೊ ಇಲ್ಲ. ಸೆಕೆಂಡ್, ಟಾಪ್‌ಗೆ ಮಾತ್ರ ಸಿಂಕ್ರೊದ ಹಿತ್ತಾಳೆ ರಿಂಗು. ಹೊಸ ರಿಂಗು ಹಾಕುವಾಗ ಒಳ್ಳೆಯ ಮೆಕ್ಯಾನಿಕ್ ಡಬ್ಬಿಯ ಮೇಲಿನ ಹೆಸರನ್ನಷ್ಟೇ ನಂಬುವುದಿಲ್ಲ. ರಿಂಗನ್ನು ಗೇರಿನ ಕೋನಿಗೆ ಒತ್ತಿ ತಿರುಗಿಸುತ್ತಾನೆ: ಕಚ್ಚಿ ಹಿಡಿಯಬೇಕು, ಹಲ್ಲುಗಳ ನಡುವೆ ಸಂದು ಉಳಿಯಬೇಕು. ಒಳಗಿನ ಸಣ್ಣ ಗೀರುಗಳು ಉಗುರಿಗೆ ಚೂಪಾಗಿ ಸಿಗಬೇಕು. ಎಣ್ಣೆಯ ಪದರ ಕತ್ತರಿಸುವುದು ಅವೇ. ಅವು ಸವೆದರೆ ಗೇರು ಕಿರ್ರೆನ್ನುತ್ತದೆ.

ಬೇರಿಂಗಿನಲ್ಲಂತೂ ಚೌಕಾಶಿ ಬೇಡ. ಅದು ಸಡಿಲಾದರೆ ಶಾಫ್ಟೇ ಅಲುಗಾಡಿ ಹೊಸ ಹಲ್ಲುಗಳನ್ನೂ ತಿನ್ನುತ್ತದೆ. ಇಷ್ಟೆಲ್ಲ ನೋಡಿ, ಕೊನೆಗೆ ಹಳೆಯ ಆಯಿಲ್ ಸೀಲನ್ನೇ ಕೂರಿಸುವವರೂ ಇದ್ದಾರೆ. ಅದನ್ನು ಮಾತ್ರ ಒಪ್ಪಲಾರೆ.