ಸಾಲ ಕೊಟ್ಟವನಿಗೆ ಬರೆದ ಪುಟಗಳು

ಸಾಲದಿಂದ ಹೊರಗೆ ಬರೋದು ಹೇಗೆ ಅಂತ ಇಂಗ್ಲಿಷಿನಲ್ಲಿ ಹುಡುಕಿದವರಿಗೆ ಒಂದಲ್ಲ ಒಂದು ದಿನ ಡೇವ್ ರಾಮ್ಸೆ ಸಿಕ್ಕೇ ಸಿಗುತ್ತಾರೆ. ಅಮೆರಿಕದ ಟೆನೆಸ್ಸೀ ರಾಜ್ಯದವರು. ರೇಡಿಯೊದಲ್ಲಿ ಜನರ ಸಾಲದ ಗೋಳು ಕೇಳಿ, ಬೈದು, ದಾರಿ ಹೇಳಿ ಹೆಸರಾದವರು. 2003ರಲ್ಲಿ ಬಂದ ಅವರ 'ದ ಟೋಟಲ್ ಮನಿ ಮೇಕೋವರ್' ಲಕ್ಷಗಟ್ಟಲೆ ಪ್ರತಿ ಖರ್ಚಾಗಿದೆ. ಅದೇ ಪಾಠಗಳು 'ಫೈನಾನ್ಶಿಯಲ್ ಪೀಸ್ ಯೂನಿವರ್ಸಿಟಿ' ಅನ್ನೋ ಹೆಸರಲ್ಲಿ ಅಲ್ಲಿನ ಚರ್ಚುಗಳಲ್ಲಿ ತರಗತಿಗಳಾಗಿಯೂ ನಡೆಯುತ್ತವೆ. ನಾನು ಹೊಸದೇನೂ ಹೇಳ್ತಿಲ್ಲ, ಬೈಬಲ್ಲಿನಲ್ಲಿ ಇರೋದನ್ನೇ, ಅಜ್ಜಿಯರು ಹೇಳಿದ್ದನ್ನೇ ಹೇಳ್ತಿದ್ದೀನಿ ಅನ್ನೋದು ಅವರ ನಿಲುವು.

ಅಜ್ಜಿಯ ವಿಷಯದಲ್ಲಿ ನನ್ನ ತಕರಾರಿಲ್ಲ. ತಕರಾರಿರೋದು ಬೈಬಲ್ಲಿನ ವಿಷಯದಲ್ಲಿ.

ಮೊದಲು ಸಲ್ಲಬೇಕಾದ್ದು ಸಲ್ಲಲಿ. ರಾಮ್ಸೆಯವರದ್ದು ಏಳು ಹೆಜ್ಜೆಯ ದಾರಿ. ಮೊದಲು ಕೈಯಲ್ಲಿ ಸಾವಿರ ಡಾಲರ್ ಆಪದ್ಧನ ಇಟ್ಟುಕೊಳ್ಳಿ. ಎರಡನೆಯದಾಗಿ, ಮನೆಸಾಲ ಬಿಟ್ಟು ಮಿಕ್ಕ ಎಲ್ಲ ಸಾಲ ತೀರಿಸಿ. ಆಮೇಲೆ ಮೂರರಿಂದ ಆರು ತಿಂಗಳ ಖರ್ಚಿನ ಹಣ ಕೂಡಿಡಿ. ನಂತರ ಆದಾಯದ ಶೇ. 15ರಷ್ಟು ನಿವೃತ್ತಿಗೆ, ಮಕ್ಕಳ ಕಾಲೇಜಿಗೆ ಒಂದಷ್ಟು, ಮನೆಸಾಲದ ತೀರುವಳಿ, ಕೊನೆಗೆ ಸಂಪತ್ತು ಬೆಳೆಸೋದು ಮತ್ತು ದಾನ. ಸಾಲ ತೀರಿಸುವಾಗ ಬಡ್ಡಿ ಎಷ್ಟು ಅಂತ ನೋಡಬೇಡಿ, ಅತಿ ಚಿಕ್ಕ ಸಾಲದಿಂದ ಶುರು ಮಾಡಿ ಅನ್ನುತ್ತಾರೆ. ಕ್ರೆಡಿಟ್ ಕಾರ್ಡಿಗೆ 18 ಸಾವಿರ, ಬೈಕಿಗೆ 60 ಸಾವಿರ, ಪರ್ಸನಲ್ ಲೋನು 3 ಲಕ್ಷ ಬಾಕಿ ಇದ್ದರೆ ಮೊದಲು ಆ 18 ಸಾವಿರ ಮುಗಿಸಿ, ಅಲ್ಲಿ ಉಳಿದ ಕಂತನ್ನು ಬೈಕಿನ ಸಾಲಕ್ಕೆ ಸೇರಿಸಿ, ಅದು ಮುಗಿದ ಮೇಲೆ ಎರಡನ್ನೂ ದೊಡ್ಡದಕ್ಕೆ ಸುರಿಯಿರಿ. ಹೆಚ್ಚು ಬಡ್ಡಿಯ ಸಾಲವನ್ನು ಮೊದಲು ತೀರಿಸಿದರೆ ದುಡ್ಡು ಉಳಿಯುತ್ತೆ ಅಂತ ಎಕ್ಸೆಲ್ ಶೀಟ್ ಹೇಳುತ್ತೆ, ನಿಜ. ಆದರೆ ಒಂದು ಸಾಲದ ಹೆಸರಿನ ಮೇಲೆ ಅಡ್ಡಗೆರೆ ಎಳೆದಾಗ ಬರೋ ಧೈರ್ಯ ಎಕ್ಸೆಲ್ಲಿಗೆ ಗೊತ್ತಿಲ್ಲ. ದುಡ್ಡಿನ ವಿಷಯದಲ್ಲಿ ತಿಳಿವಳಿಕೆಗಿಂತ ನಡವಳಿಕೆಯೇ ಮುಖ್ಯ ಅಂತ ರಾಮ್ಸೆ ಹಿಡಿದಿರೋದು ಸರಿಯಾಗಿದೆ. ಇಎಂಐ ಮೇಲೆ ಫೋನು, ಇಎಂಐ ಮೇಲೆ ಗೋವಾ ಟ್ರಿಪ್ಪು ಅಂತ ಹೊರಟಿರೋ ನಮ್ಮಂಥವರಿಗೆ ಈ ಬೈಗುಳ ಬೇಕಿತ್ತು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು, ಸರಿ.

ಆದರೆ ಇದಕ್ಕೆ 'ಬೈಬಲ್ಲಿನ ದಾರಿ' ಅಂತ ಹೆಸರಿಟ್ಟ ಕೂಡಲೇ ಕೇಳಬೇಕಾದ ಪ್ರಶ್ನೆ ಒಂದಿದೆ. ಬೈಬಲ್ ಸಾಲದ ಬಗ್ಗೆ ಮಾತಾಡುವಾಗ ಯಾರ ಜೊತೆ ಮಾತಾಡುತ್ತೆ?

ರಾಮ್ಸೆ ಮತ್ತೆ ಮತ್ತೆ ಹಿಡಿಯೋದು ಜ್ಞಾನೋಕ್ತಿಗಳ 22ನೆಯ ಅಧ್ಯಾಯದ ಏಳನೇ ವಚನ. ಸಾಲ ತೆಗೆದುಕೊಂಡವನು ಸಾಲ ಕೊಟ್ಟವನ ಆಳಾಗುತ್ತಾನೆ ಅನ್ನೋ ಅರ್ಥದ್ದು. ಹಾಗಾಗಿ ಸಾಲ ಮಾಡಬೇಡ, ಇದು ಅವರು ತೆಗೆಯೋ ನೀತಿ. ಆದರೆ ಆ ವಚನಕ್ಕೆ ಮೊದಲರ್ಧವೂ ಇದೆ. ಶ್ರೀಮಂತ ಬಡವನ ಮೇಲೆ ಅಧಿಕಾರ ನಡೆಸುತ್ತಾನೆ ಅನ್ನುತ್ತೆ ಅದು. ಎರಡನ್ನೂ ಒಟ್ಟಿಗೆ ಓದಿದರೆ ಇದು ಬುದ್ಧಿವಾದದ ಹಾಗೆ ಕೇಳಿಸೋದಿಲ್ಲ, ಲೋಕ ಹೇಗಿದೆ ಅನ್ನೋದರ ವರದಿಯ ಹಾಗೆ ಕೇಳಿಸುತ್ತೆ. ಅದೇ ಅಧ್ಯಾಯ ಮುಂದೆ, ಬಡವ ಅನ್ನೋ ಕಾರಣಕ್ಕೆ ಅವನನ್ನು ದೋಚಬೇಡ ಅಂತಲೂ ಹೇಳುತ್ತೆ. ಆ ಮಾತು ಸಾಲಗಾರನಿಗಲ್ಲ, ಬಲ ಇರೋನಿಗೆ.

ಜ್ಞಾನೋಕ್ತಿಗಳನ್ನು ಬಿಟ್ಟು ಬೈಬಲ್ಲಿನ ಕಾನೂನಿನ ಪುಸ್ತಕಗಳಿಗೆ ಹೋದರೆ ಇದು ಇನ್ನೂ ಸ್ಪಷ್ಟ. ಧರ್ಮೋಪದೇಶಕಾಂಡದ 15ನೇ ಅಧ್ಯಾಯದ ಪ್ರಕಾರ ಪ್ರತಿ ಏಳು ವರ್ಷಕ್ಕೊಮ್ಮೆ ಸಾಲ ಮನ್ನಾ. ಏಳನೇ ವರ್ಷ ಹತ್ತಿರ ಬಂತು, ಈಗ ಕೊಟ್ಟರೆ ವಾಪಸ್ ಬರಲ್ಲ ಅಂತ ಲೆಕ್ಕ ಹಾಕಿ ಬಡವನಿಗೆ ಇಲ್ಲ ಅನ್ನಬೇಡ ಅಂತ ಅಲ್ಲೇ ಎಚ್ಚರಿಕೆಯೂ ಇದೆ. ಸಾಲ ಕೊಡುವವನ ಜಾಣತನವನ್ನು ಬರೆದವರು ಮೊದಲೇ ಊಹಿಸಿದ್ದಾರೆ ನೋಡಿ. 24ನೇ ಅಧ್ಯಾಯ ಇನ್ನೂ ಸೂಕ್ಷ್ಮ. ಬೀಸುವ ಕಲ್ಲನ್ನು ಒತ್ತೆ ಇಟ್ಟುಕೊಳ್ಳಬೇಡ, ಅದು ಅವನ ಅನ್ನ. ಒತ್ತೆ ತರೋಕೆ ಅವನ ಮನೆಯೊಳಗೆ ನುಗ್ಗಬೇಡ, ಹೊರಗೆ ನಿಂತಿರು, ಅವನೇ ತಂದುಕೊಡಲಿ. ಬಡವ ಹೊದೆಯುವ ಬಟ್ಟೆ ಒತ್ತೆಯಿಟ್ಟಿದ್ದರೆ ಸೂರ್ಯ ಮುಳುಗುವುದರೊಳಗೆ ವಾಪಸ್ ಕೊಡು. ವಸೂಲಿ ಏಜೆಂಟು ಆಫೀಸಿನ ರಿಸೆಪ್ಷನ್ನಿಗೆ ಬಂದು ಕೂತು, ಮ್ಯಾನೇಜರಿಗೂ ಫೋನು ಹೊಡೆಯೋ ಕಾಲದಲ್ಲಿ ಆ 'ಹೊರಗೆ ನಿಂತಿರು' ಅನ್ನೋ ನಿಯಮವನ್ನು ನಾನು ಎರಡು ಸಲ ಓದಿದೆ.

ಯಾಜಕಕಾಂಡದಲ್ಲಿ 50ನೇ ವರ್ಷದ ಜೂಬಿಲಿ ಇದೆ. ಕಷ್ಟಕ್ಕೆ ಮಾರಿದ ಜಮೀನು ಆಗ ಮೂಲ ಕುಟುಂಬಕ್ಕೆ ಹಿಂತಿರುಗಬೇಕು. ನೆಹೆಮೀಯನ ಪುಸ್ತಕದ ಐದನೇ ಅಧ್ಯಾಯದಲ್ಲಿ ಬರಗಾಲಕ್ಕೂ ರಾಜನ ತೆರಿಗೆಗೂ ಹೊಲಮನೆ ಒತ್ತೆಯಿಟ್ಟು ಮಕ್ಕಳನ್ನು ಜೀತಕ್ಕೆ ಕಳಿಸಿದ ಜನ ಕೂಗಿಕೊಳ್ಳುತ್ತಾರೆ. ನೆಹೆಮೀಯ ಅವರನ್ನು ಕೂರಿಸಿ ಬಜೆಟ್ ಹಾಕಲು ಕಲಿಸೋದಿಲ್ಲ. ಸಾಲ ಕೊಟ್ಟ ದೊಡ್ಡವರನ್ನು ಸಭೆಗೆ ಕರೆದು, ಹೊಲಮನೆ ವಾಪಸ್ ಕೊಡಿಸುತ್ತಾನೆ. ತಾನೂ ತನ್ನ ಕಡೆಯವರೂ ಸಾಲ ಕೊಟ್ಟವರ ಸಾಲಿನಲ್ಲೇ ಇದ್ದೇವೆ ಅಂತ ಎಲ್ಲರೆದುರು ಹೇಳುತ್ತಾನೆ. ಮತ್ತಾಯನ ಸುವಾರ್ತೆಯಲ್ಲಿ ಯೇಸು ಕಲಿಸಿದ ಪ್ರಾರ್ಥನೆ ಇದೆಯಲ್ಲ, ಅದರಲ್ಲಿ ನಾವು ಸಾಮಾನ್ಯವಾಗಿ 'ತಪ್ಪು' ಅಂತ ಓದುವ ಕಡೆ ಗ್ರೀಕ್ ಮೂಲದ ಪದಕ್ಕೆ 'ಸಾಲ' ಅಂತಲೇ ನೇರ ಅರ್ಥ.

ಇಷ್ಟೆಲ್ಲ ಪುಟಗಳು ಸಾಲ ಕೊಟ್ಟವನನ್ನು ಕುರಿತು. ರಾಮ್ಸೆಯವರ ದಾರಿಯಲ್ಲಿ ನಡೆಯಬೇಕಾದವನು ಮಾತ್ರ ಸಾಲಗಾರ ಒಬ್ಬನೇ.

ಅದರಿಂದೇನು, ಓದುಗರು ಸಾಲಗಾರರೇ ತಾನೇ, ಅವರಿಗೆ ಬೇಕಾದ್ದನ್ನು ಹೇಳಿದ್ದಾರೆ ಅಂತ ನೀವು ಕೇಳಬಹುದು. ನ್ಯಾಯವಾದ ಮಾತು. ಸ್ವಸಹಾಯದ ಪುಸ್ತಕ ಬ್ಯಾಂಕನ್ನು ತಿದ್ದಲಾರದು. ಆದರೆ ಧರ್ಮದ ಹೆಸರು ಸೇರಿದಾಗ ಲೆಕ್ಕ ಬದಲಾಗುತ್ತೆ. ದುಬಾರಿ ಫೋನು ಕೊಂಡು ಸಾಲಕ್ಕೆ ಬಿದ್ದವನೂ, ಅಮ್ಮನ ಆಪರೇಷನ್ನಿಗೆ ಸಾಲ ಮಾಡಿದವಳೂ ಒಂದೇ ಬೆಂಚಿನಲ್ಲಿ ಕೂತು ಒಂದೇ ಪಾಠ ಕೇಳುತ್ತಾರೆ. ಶಿಸ್ತು ತಪ್ಪಿದ್ದಕ್ಕೆ ಸಾಲ, ಶಿಸ್ತು ಬಂದರೆ ಬಿಡುಗಡೆ. ಎರಡನೆಯವಳಿಗೆ ಇದು ಬರೀ ತಪ್ಪು ಸಲಹೆ ಅಷ್ಟೇ ಅಲ್ಲ. ಅವಳ ಕಷ್ಟಕ್ಕೆ ದೇವರ ಕಡೆಯಿಂದಲೂ ಒಂದು ಛೀಮಾರಿ ಸೇರಿದ ಹಾಗೆ.

ಸ್ವತಃ ರಾಮ್ಸೆಯವರ ಕಥೆಯನ್ನೇ ನೋಡಿ. ಇಪ್ಪತ್ತರ ಹರೆಯದಲ್ಲೇ ಸಾಲದ ಮೇಲೆ ರಿಯಲ್ ಎಸ್ಟೇಟ್ ಕಟ್ಟಿದರು, ಬ್ಯಾಂಕು ಸಾಲವನ್ನು ಒಮ್ಮೆಗೇ ವಾಪಸ್ ಕೇಳಿತು, 1988ರಲ್ಲಿ ದಿವಾಳಿ ಕಾನೂನಿನ ಮೊರೆ ಹೋದರು. ಇದನ್ನು ಅವರು ಎಲ್ಲೂ ಮುಚ್ಚಿಟ್ಟಿಲ್ಲ. ಸಾಲದ ಅಪಾಯಕ್ಕೆ ಉದಾಹರಣೆಯಾಗಿ ಹೇಳುತ್ತಲೇ ಇರುತ್ತಾರೆ. ನನಗೆ ಅದರಲ್ಲಿ ಇನ್ನೊಂದು ಪಾಠ ಕಾಣುತ್ತೆ. ದಿವಾಳಿ ಕಾನೂನು ಅಂದರೆ ಏನು? ಒಂದು ಹಂತದಲ್ಲಿ ಲೆಕ್ಕ ಮುಚ್ಚಬೇಕು, ಆ ಮನುಷ್ಯ ಮತ್ತೆ ಶುರು ಮಾಡಬೇಕು ಅಂತ ಸಮಾಜ ಸಾಲ ಕೊಟ್ಟವನಿಗೆ ಹೇಳೋ ಮಾತು. ಏಳನೇ ವರ್ಷದ ಮನ್ನಾಕ್ಕೆ ಇವತ್ತಿನ ಕಾಲದಲ್ಲಿ ತುಂಬ ಹತ್ತಿರದ ಸಂಬಂಧಿ ಅದು. ಆದರೆ ಅವರು ಈ ಕಥೆಯಿಂದ ಕಲಿಸೋದು ಸಾಲದ ಭಯವನ್ನು. ಬಿಡುಗಡೆಯ ಬಾಗಿಲು ಇದ್ದದ್ದಕ್ಕೆ ಅದರಲ್ಲಿ ಪಾಠದ ಸ್ಥಾನ ಸಿಕ್ಕಿಲ್ಲ.

ಜಾಮೀನಿನ ವಿಷಯ ಇನ್ನೂ ಕುತೂಹಲದ್ದು. ಬೇರೆಯವರ ಸಾಲಕ್ಕೆ ಸಹಿ ಹಾಕಬೇಡಿ ಅಂತ ರಾಮ್ಸೆ ಖಡಾಖಂಡಿತವಾಗಿ ಹೇಳುತ್ತಾರೆ. ಇದಕ್ಕೂ ಜ್ಞಾನೋಕ್ತಿಗಳೇ ಆಧಾರ. ಜಾಮೀನು ನಿಂತರೆ ನಿನ್ನ ಕೆಳಗಿನ ಹಾಸಿಗೆಯೂ ಹೋದೀತು ಅನ್ನೋ ಧಾಟಿಯ ಎಚ್ಚರಿಕೆ ಅಲ್ಲಿದೆ. ಆದರೆ 19ನೇ ಶತಮಾನದ ಜರ್ಮನಿಯಲ್ಲಿ ಫ್ರೀಡ್ರಿಶ್ ವಿಲ್‌ಹೆಲ್ಮ್ ರೈಫೈಸನ್ ಅನ್ನೋ ಮೇಯರ್ ಒಬ್ಬರಿದ್ದರು. ಅವರೂ ಶ್ರದ್ಧಾವಂತ ಕ್ರೈಸ್ತರು. ಲೇವಾದೇವಿಗಾರರ ಕೈಲಿ ಸಿಕ್ಕ ರೈತರಿಗಾಗಿ ಮೊದಲು ಉಳ್ಳವರ ದಾನದಿಂದ ಸಂಘ ನಡೆಸಿ ನೋಡಿದರು. ಅದು ಬಾಳಲಿಲ್ಲ. 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಕಟ್ಟಿದ ಸಾಲದ ಸಂಘದಲ್ಲಿ ಸದಸ್ಯರೆಲ್ಲರೂ ಒಬ್ಬರಿಗೊಬ್ಬರು ಹೊಣೆ, ಅದೂ ಮಿತಿಯಿಲ್ಲದ ಹೊಣೆ. ಅಂದರೆ ಇಡೀ ಊರೇ ಪರಸ್ಪರ ಜಾಮೀನು! ಒಬ್ಬ ಕ್ರೈಸ್ತರು ಬೈಬಲ್ ಓದಿ ಯಾರಿಗೂ ಜಾಮೀನು ನಿಲ್ಲಬೇಡ ಅಂದರು, ಇನ್ನೊಬ್ಬರು ನೆರೆಯವನನ್ನು ಪ್ರೀತಿಸೋದು ಅಂದರೆ ಅವನಿಗೆ ಜಾಮೀನು ನಿಲ್ಲೋದು ಅಂತ ಸಂಘ ಕಟ್ಟಿದರು.

ಈ ಎರಡನೇ ಓದು ನಮ್ಮೂರಿಗೂ ಬಂದಿದೆ. ಮದ್ರಾಸ್ ಸರ್ಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ 1890ರ ದಶಕದಲ್ಲಿ ವರದಿ ಬರೆದು, ಭಾರತದ ಹಳ್ಳಿಗಳಿಗೂ ರೈಫೈಸನ್ ಮಾದರಿಯೇ ಬೇಕು ಅಂದರು. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಕರ್ನಾಟಕದ ಸಹಕಾರ ಚಳವಳಿಯ ಕಥೆ ಶುರುವಾಗೋದೇ ಅಲ್ಲಿಂದ. ನಿಮ್ಮ ತಾತ ಸೊಸೈಟಿಯಲ್ಲಿ ಬೆಳೆಸಾಲ ತಗೊಂಡಿದ್ದರೆ, 'ಕ್ರೈಸ್ತ ತತ್ವದ ಹಣಕಾಸು' ನಿಮ್ಮ ಮನೆಗೆ ರಾಮ್ಸೆಗಿಂತ ಎಷ್ಟೋ ಮೊದಲೇ ಬೇರೆ ವೇಷದಲ್ಲಿ ಬಂದು ಹೋಗಿದೆ.

ರಾಮ್ಸೆಯವರ ನಾಡಿನ ಚರ್ಚುಗಳೂ ಆ ಇನ್ನರ್ಧವನ್ನು ಮರೆತಿಲ್ಲ. ಸಾಲ ವಸೂಲಿ ಉದ್ಯಮದಲ್ಲೇ ಇದ್ದ ಇಬ್ಬರು 2014ರಲ್ಲಿ 'ಆರ್‌ಐಪಿ ಮೆಡಿಕಲ್ ಡೆಟ್' ಅನ್ನೋ ಸಂಸ್ಥೆ ಶುರು ಮಾಡಿದರು. ಅಲ್ಲಿ ಬಾಕಿ ಉಳಿದ ಹಳೇ ಆಸ್ಪತ್ರೆ ಬಿಲ್ಲುಗಳನ್ನು ಡಾಲರಿಗೆ ಕೆಲವೇ ಸೆಂಟಿನ ದರದಲ್ಲಿ ವಸೂಲಿ ಕಂಪನಿಗಳು ಕೊಳ್ಳುತ್ತವೆ. ಈ ಸಂಸ್ಥೆಯೂ ಹಾಗೇ ಕೊಳ್ಳುತ್ತೆ, ಆದರೆ ವಸೂಲಿ ಮಾಡದೆ ಮನ್ನಾ ಮಾಡಿಬಿಡುತ್ತೆ. ಎಷ್ಟೋ ಚರ್ಚುಗಳು ಕಾಣಿಕೆ ಎತ್ತಿ ಇದಕ್ಕೆ ಹಣ ಕೊಟ್ಟಿವೆ. ಮನ್ನಾ ಆದವರಿಗೆ ಬರೋದು ಒಂದು ಪತ್ರ ಮಾತ್ರ. ಯಾಕೆ ಸಾಲ ಮಾಡಿದೆ ಅಂತ ಯಾರೂ ಅವರನ್ನು ಕೇಳಿರೋದಿಲ್ಲ.

ಹಾಗಂತ ಪುಸ್ತಕ ಎಸೆಯಿರಿ ಅನ್ನುತ್ತಿಲ್ಲ. ಕಾರ್ಡಿನ ಬಾಕಿ ಇದ್ದರೆ ಈ ತಿಂಗಳಿಂದಲೇ ಚಿಕ್ಕ ಸಾಲ ಹಿಡಿದು ಶುರು ಮಾಡಿ, ಆ ಹೆಜ್ಜೆಗಳು ಕೆಲಸ ಮಾಡುತ್ತವೆ. ಆದರೆ ನಾವೀಗ ಬರೀ ಸಾಲಗಾರರಾಗಿ ಉಳಿದಿಲ್ಲ ಅನ್ನೋದೂ ನೆನಪಿರಲಿ. ನಮ್ಮ ಎಫ್‌ಡಿ ಹಣವನ್ನು ಬ್ಯಾಂಕು ಯಾರಿಗೋ ಸಾಲ ಕೊಟ್ಟಿರುತ್ತೆ. ಡೆಟ್ ಫಂಡಿನ ಹಣ ಯಾವುದೋ ಫೈನಾನ್ಸ್ ಕಂಪನಿಗೆ ಹೋಗಿ, ಅಲ್ಲಿಂದ ಯಾರದೋ ಆಟೋ ಸಾಲವಾಗಿರಬಹುದು. ಇನ್ನೂ ಹತ್ತಿರ ಬನ್ನಿ: ಮನೆಕೆಲಸದವರಿಗೆ ಕೊಟ್ಟ ಅಡ್ವಾನ್ಸನ್ನು ತಿಂಗಳಿಗೆ ಎಷ್ಟು ಹಿಡಿಯಬೇಕು ಅಂತ ತೀರ್ಮಾನ ಮಾಡೋರು ನಾವೇ. ಅವರ ಮಗುವಿಗೆ ಜ್ವರ ಬಂದ ತಿಂಗಳೂ ಅಷ್ಟೇ ಹಿಡಿಯೋದಾ?

ರಾಮ್ಸೆಯವರ ಲೆಕ್ಕದಲ್ಲಿ ದಾನಕ್ಕೆ ಜಾಗ ಇದೆ. ಈ ಪ್ರಶ್ನೆ ದಾನದ್ದಲ್ಲ, ವಸೂಲಿಯದ್ದು. ಅದಕ್ಕೆ ಉತ್ತರ ಹುಡುಕೋಕೆ ಅವರ ಪುಸ್ತಕ ಮುಚ್ಚಿಟ್ಟು, ಅವರು ಆಧಾರವಾಗಿ ಹಿಡಿದ ಪುಸ್ತಕವನ್ನೇ ತೆರೆಯಬೇಕು. ಧರ್ಮೋಪದೇಶಕಾಂಡ, 24ನೇ ಅಧ್ಯಾಯ. ಓದೋಕೆ ಐದು ನಿಮಿಷ ಸಾಕು.