ರಾಲಿಯ ಗಯಾನಾ ವೃತ್ತಾಂತ: ಕಂಡದ್ದು ಮತ್ತು ಕೇಳಿದ್ದು

ದಕ್ಷಿಣ ಅಮೆರಿಕದ ಅರಣ್ಯಗಳಲ್ಲಿ ಎಲ್ಲಿಯೋ ಬಂಗಾರದ ಪಟ್ಟಣವೊಂದು ಅಡಗಿದೆಯೆಂಬ ಐತಿಹ್ಯವನ್ನು ಕುರಿತು ಯೂರೋಪಿನ ಭಾಷೆಗಳಲ್ಲಿ ಬೆಳೆದ ವಾಙ್ಮಯದಲ್ಲಿ ಸರ್ ವಾಲ್ಟರ್ ರಾಲಿಯ ಗಯಾನಾ ವೃತ್ತಾಂತಕ್ಕೆ ವಿಶಿಷ್ಟವಾದ ಸ್ಥಾನವಿದೆ. 1595ರಲ್ಲಿ ಓರಿನೋಕೋ ನದಿಯಲ್ಲಿ ಪ್ರವಾಹಕ್ಕೆ ಎದುರಾಗಿ ಹೋಗಿಬಂದ ರಾಲಿ 1596ರಲ್ಲಿ ಅದನ್ನು ಲಂಡನ್ನಿನಲ್ಲಿ ಪ್ರಕಟಿಸಿದನು. 18ನೆಯ ಶತಮಾನದ ಇತಿಹಾಸಕಾರ ಡೇವಿಡ್ ಹ್ಯೂಮನ ದೃಷ್ಟಿಯಲ್ಲಿ ಅದು ಹಸಿ ಸುಳ್ಳುಗಳ ಕಂತೆ. 1848ರಲ್ಲಿ ಹಕ್ಲೂಯ್ಟ್ ಸೊಸೈಟಿಗಾಗಿ ಅದನ್ನು ಸಂಪಾದಿಸಿದ ರಾಬರ್ಟ್ ಶೋಂಬುರ್ಕನಾದರೋ ಸ್ವತಃ ಗಯಾನಾವನ್ನು ಸಂಚರಿಸಿ ನೋಡಿದವನು. ಅವನು ರಾಲಿಯ ನಿಸರ್ಗವರ್ಣನೆಯನ್ನು ತನ್ನ ಅನುಭವದಿಂದಲೇ ಸಮರ್ಥಿಸಿದನು. ಒಂದೇ ಗ್ರಂಥವನ್ನು ಕುರಿತು ಇಬ್ಬರು ಸಮರ್ಥರು ಇಷ್ಟು ವಿರುದ್ಧವಾದ ತೀರ್ಪುಗಳನ್ನು ಕೊಟ್ಟಿರುವಾಗ, ಗ್ರಂಥದ ರಚನೆಯನ್ನೇ ಪರೀಕ್ಷಿಸುವುದು ವಿಮರ್ಶೆಯ ಕರ್ತವ್ಯವಾಗುತ್ತದೆ.

ನಮ್ಮ ತರ್ಕಶಾಸ್ತ್ರಕಾರರು ಹೇಳುವ ಪ್ರತ್ಯಕ್ಷ, ಅನುಮಾನ, ಶಬ್ದವೆಂಬ ಮೂರು ಪ್ರಮಾಣಗಳನ್ನು ಹಿಡಿದು ಈ ಗ್ರಂಥವನ್ನು ಓದಿದರೆ ಅದು ತಾನಾಗಿಯೇ ಮೂರು ಪದರಗಳಾಗಿ ಬಿಡಿಸಿಕೊಳ್ಳುತ್ತದೆ. ಮೊದಲನೆಯದು ಕಣ್ಣಾರೆ ಕಂಡದ್ದು. ಕರೋನಿ ನದಿಯಲ್ಲಿ ಒಂದರ ಮೇಲೊಂದರಂತೆ ಧುಮುಕುವ ಜಲಪಾತಗಳು, ನೀರಿನಂಚಿಗೆ ನಿರ್ಭಯವಾಗಿ ಬಂದು ಮೇಯುವ ಜಿಂಕೆಗಳು, ಬಗೆಬಗೆಯ ಬಣ್ಣದ ಹಕ್ಕಿಗಳು, ಈಜಲು ನೀರಿಗಿಳಿದ ಕಪ್ಪುಯುವಕನೊಬ್ಬನನ್ನು ಎಲ್ಲರೂ ನೋಡುತ್ತಿರುವಂತೆಯೇ ಮೊಸಳೆ ನುಂಗಿದ ಘಟನೆ—ಇವೆಲ್ಲ ಈ ಪದರಕ್ಕೆ ಸೇರಿದವು. ಇಲ್ಲಿ ಗದ್ಯವು ನಿಚ್ಚಳವಾಗಿದೆ, ಹೆಜ್ಜೆ ಭದ್ರವಾಗಿದೆ. ಶೋಂಬುರ್ಕ್ ಮೆಚ್ಚಿದ್ದು ಈ ಭಾಗವನ್ನು.

ಎರಡನೆಯದು ಕೇಳಿದ್ದು. ಸ್ವರ್ಣನಗರಿ ಮನೋವಾ ಸಂಪೂರ್ಣವಾಗಿ ಈ ಪದರದಲ್ಲಿದೆ. ದಿಯೇಗೊ ದೆ ಓರ್ದಾಸನ ದಂಡಿನಲ್ಲಿ ಮದ್ದುಗುಂಡುಗಳ ಅಧಿಕಾರಿಯಾಗಿದ್ದ ಹುವಾನ್ ಮಾರ್ಟಿನೆಸ್ ಎಂಬವನು ಆ ಪಟ್ಟಣದಲ್ಲಿ ಏಳು ತಿಂಗಳು ಇದ್ದನಂತೆ. ಅವನ ಹೇಳಿಕೆ ಪೋರ್ಟೊ ರೀಕೋದ ದಫ್ತರದಲ್ಲಿದೆಯಂತೆ. ಅದರ ಪ್ರತಿಯೊಂದು ಆಂಟೋನಿಯೊ ದೆ ಬೆರಿಯೊನ ಬಳಿ ಇದ್ದಿತಂತೆ. ಈ ಬೆರಿಯೊ ಟ್ರಿನಿಡಾಡಿನ ಸ್ಪ್ಯಾನಿಷ್ ಅಧಿಪತಿ, ರಾಲಿಯ ಕೈಗೆ ಸೆರೆಸಿಕ್ಕವನು. ಸೆರೆಯಾಳಿನ ಮಾತಿಗೆ ಎಷ್ಟು ಬೆಲೆ ಕಟ್ಟಬೇಕೆಂಬುದು ಹಾಗಿರಲಿ, ನಗರವನ್ನು ಕಂಡನೆನ್ನಲಾದ ಸಾಕ್ಷಿಯನ್ನೇ ಮೂಲನಿವಾಸಿಗಳು ಕಣ್ಣುಕಟ್ಟಿ ಕರೆದೊಯ್ದಿದ್ದರೆಂದು ಕಥೆಯೇ ಹೇಳುತ್ತದೆ. ದಾರಿಯನ್ನು ಹೇಳಬಲ್ಲ ಸಾಕ್ಷಿ ಒಬ್ಬನೂ ಇಲ್ಲ.

ಮೂರನೆಯದು ಅನುಮಾನ. ಪೆರುವಿನ ಇಂಕಾ ದೊರೆಗಳ ವಂಶದವನೊಬ್ಬ ಪೂರ್ವಕ್ಕೆ ಬಂದು ಗಯಾನಾದಲ್ಲಿ ರಾಜ್ಯ ಕಟ್ಟಿದನೆಂದು ಊಹಿಸಿ, ಇಂಕಾಗಳ ಬಂಗಾರದ ಉದ್ಯಾನವನ್ನು ಕುರಿತು ಸ್ಪ್ಯಾನಿಷ್ ಲೇಖಕ ಗೋಮಾರಾ ಬರೆದುದನ್ನು ರಾಲಿ ಉದ್ಧರಿಸುತ್ತಾನೆ. ಪೆರುವಿನ ಐಶ್ವರ್ಯವೇ ಮನೋವಾಕ್ಕೆ ಆಧಾರವಾಗುತ್ತದೆ. ಒಬ್ಬನ ಆಸ್ತಿಯನ್ನು ತೋರಿಸಿ ಇನ್ನೊಬ್ಬನ ಹೆಸರಿನಲ್ಲಿ ಸಾಲ ಎತ್ತಿದಂತಿದೆ ಈ ವಾದ.

ಹಾಗಾದರೆ ರಾಲಿ ಸುಳ್ಳುಗಾರನೇ? ಅಷ್ಟು ಸುಲಭವಾಗಿ ಹೇಳುವಂತಿಲ್ಲ. ಎದೆಯಲ್ಲಿ ಬಾಯಿ, ಹೆಗಲಿನಲ್ಲಿ ಕಣ್ಣುಳ್ಳ ಜನರ ವಿಚಾರ ಬಂದಾಗ, ಅವರನ್ನು ತಾನು ನೋಡಲಿಲ್ಲವೆಂದು ಅವನು ಸ್ಪಷ್ಟವಾಗಿ ಒಪ್ಪುತ್ತಾನೆ. ಇಷ್ಟು ಮಂದಿ ಕೂಡಿ ಸುಳ್ಳು ಹೆಣೆದಿರಲಾರರೆಂಬುದಷ್ಟೇ ಅವನ ನಿಲುವು. ಕನ್ನಡದಲ್ಲಿ ‘ಇದೆ’ ಎಂಬುದಕ್ಕೂ ‘ಇದೆಯಂತೆ’ ಎಂಬುದಕ್ಕೂ ಇರುವ ಅಂತರವನ್ನು ಮಗುವೂ ಬಲ್ಲದು. ಆ ‘ಅಂತೆ’ಯ ಕೆಲಸವನ್ನು ರಾಲಿಯ ಇಂಗ್ಲಿಷ್ ಇಡಿಯ ವಾಕ್ಯಗಳ ಮೂಲಕ ಮಾಡಬೇಕಾಗಿದೆ, ಮತ್ತು ಗ್ರಂಥದ ಒಡಲಿನಲ್ಲಿ ಅನೇಕ ಕಡೆ ಪ್ರಾಮಾಣಿಕವಾಗಿಯೇ ಮಾಡಿದೆ. ಇದನ್ನು ಗಮನಿಸದೆ ಹೋದದ್ದು ಹ್ಯೂಮನ ದೋಷ.

ಆದರೆ ಒಡಲು ಉಳಿಸಿಕೊಂಡುದನ್ನು ಮುಖಪುಟ ಉಳಿಸಿಕೊಳ್ಳಲಿಲ್ಲ. ವಿಶಾಲವೂ ಸಂಪನ್ನವೂ ಆದ ಗಯಾನಾ ಸಾಮ್ರಾಜ್ಯದ ‘ಶೋಧ’ವೆಂದೇ ಗ್ರಂಥಕ್ಕೆ ಹೆಸರು. ಸಾಮ್ರಾಜ್ಯವನ್ನು ಕಾಣದವನು ಅದನ್ನು ಶೋಧಿಸಿದನೆನ್ನುವುದು ಹೇಗೆ? ತಂದ ಅದಿರು ಬರಿಯ ಹುಸಿಬಂಗಾರವೆಂದು ಲಂಡನ್ನಿನಲ್ಲಿ ಮಾತು ಹುಟ್ಟಿತ್ತು. ತನ್ನವರಿಗೆ ಕಠಾರಿ, ಬೆರಳುಗಳ ಹೊರತು ಅಗೆಯುವ ಸಾಧನವಿರಲಿಲ್ಲವೆಂದು ರಾಲಿ ಸಮಾಧಾನ ಹೇಳಬೇಕಾಯಿತು. ಆ ಇಕ್ಕಟ್ಟಿನಲ್ಲಿ ಹೊರಟ ಗ್ರಂಥವು ವರದಿಯಷ್ಟೇ ಅಲ್ಲ, ಭವಿಷ್ಯದ ಮೇಲೆ ಬರೆದ ಹುಂಡಿಯೂ ಹೌದು.

ಇತರರ ಕೈಯಲ್ಲಿ ಉಳಿದ ‘ಅಂತೆ’ಗಳೂ ಉದುರಿದವು. ರಾಲಿ ಕೇಳಿಬರೆದ 200 ಲೀಗ್ ಉದ್ದದ ಉಪ್ಪುನೀರಿನ ಸರೋವರವನ್ನು ಹೊಂಡಿಯಸ್ 1599ರ ಸುಮಾರಿಗೆ ಭೂಪಟದಲ್ಲಿ ಬಿಡಿಸಿದನು. ದಡದಲ್ಲಿ ಮನೋವಾವನ್ನೂ, ಕೆಳಗೆ ತಲೆಯಿಲ್ಲದ ಜನರನ್ನೂ ಚಿತ್ರಿಸಿದನು. ಭೂಪಟದ ಗೆರೆಗೆ ‘ಅಂತೆ’ ಎನ್ನುವ ಶಕ್ತಿಯಿಲ್ಲ. 1799ರಿಂದ 1804ರವರೆಗೆ ಸಂಚರಿಸಿದ ಹುಂಬೋಲ್ಟ್, ಮಳೆಗಾಲದ ನೆರೆಯೇ ಆ ಸರೋವರದ ಮೂಲವೆಂದು ವಿವರಿಸುವವರೆಗೂ ಅದು ಭೂಪಟಗಳಲ್ಲಿ ಅಲೆಯುತ್ತಲೇ ಇದ್ದಿತು.

ಹುಂಡಿಯ ಗಡುವೂ ಬಂದಿತು. ರಾಜದ್ರೋಹದ ಆರೋಪದಲ್ಲಿ 1603ರಲ್ಲಿ ಮರಣದಂಡನೆಗೆ ಗುರಿಯಾಗಿ ಸೆರೆಯಲ್ಲಿದ್ದ ರಾಲಿ, ಗಯಾನಾದಿಂದ ಚಿನ್ನ ತರುವ ಭರವಸೆಯ ಮೇಲೆ 1616ರಲ್ಲಿ ಬಿಡುಗಡೆ ಹೊಂದಿದನು. ಈಗ ಅರಸಿದ್ದು ನಗರವನ್ನಲ್ಲ, ಒಂದು ಗಣಿಯನ್ನು. 1618ರ ಆರಂಭದಲ್ಲಿ ಸ್ಯಾನ್ ತೋಮೆಯ ಕಾಳಗದಲ್ಲಿ ಅವನ ಮಗ ಮಡಿದನು. ದಂಡನ್ನು ನಡೆಸಿದ ಕೀಮಿಸ್ ಬರಿಗೈಯಲ್ಲಿ ಮರಳಿ ಆತ್ಮಹತ್ಯೆ ಮಾಡಿಕೊಂಡನು. ಅದೇ ವರ್ಷ ಅಕ್ಟೋಬರ್ 29ರಂದು ರಾಲಿಯ ತಲೆ ಉರುಳಿತು. ಇಂಗ್ಲೆಂಡಿನ ಹೆಸರುಗಳಷ್ಟೇ ನೆನಪಿನಲ್ಲಿ ಉಳಿಯುವುದು ನ್ಯಾಯವಲ್ಲ. ಅವನಿಗೆ ಅನ್ನವಿಟ್ಟು, ದಾರಿ ತೋರಿಸಿ, ವೃದ್ಧ ನಾಯಕ ಟೋಪಿಯಾವರಿಯಂತೆ ಸ್ವಂತ ಮಗನನ್ನೇ ಜೊತೆಯಲ್ಲಿ ಕಳುಹಿಸಿದ ಜನರ ನಾಡು ಈ ಬರಹದಿಂದಲೇ ಪರರ ಆಸೆಗೆ ತೆರೆದುಕೊಂಡಿತು.

‘ಎಲ್ ಡೊರಾಡೊ’ ಎಂಬ ಮಾತು ಮೊದಲಿಗೆ ನಗರದ ಹೆಸರೇ ಆಗಿರಲಿಲ್ಲ. ಸ್ವರ್ಣಲೇಪಿತನಾದ ಪುರುಷನೆಂದು ಅದರ ಅರ್ಥ. ಮೈಗೆ ಚಿನ್ನದ ಪುಡಿ ಬಳಿದುಕೊಳ್ಳುವ ದೊರೆಯ ಸುದ್ದಿಯನ್ನು 1541ರ ಸುಮಾರಿಗೆ ಓವಿಯೇದೊ ದಾಖಲಿಸಿದಾಗ ಅದೂ ಜನರ ಬಾಯಿಂದ ಕೇಳಿದ್ದೇ. ಮನುಷ್ಯನು ನಗರವಾದನು, ನಗರವು ಸಾಮ್ರಾಜ್ಯವಾಯಿತು. 1969ರಲ್ಲಿ ಕೊಲಂಬಿಯದ ಪಾಸ್ಕಾ ಬಳಿಯ ಗುಹೆಯೊಂದರಲ್ಲಿ ಮುಯಿಸ್ಕಾ ಜನರ ಬಂಗಾರದ ಪುಟ್ಟ ತೆಪ್ಪವೊಂದು ಸಿಕ್ಕಿತು. ನಡುವೆ ಒಬ್ಬ ನಾಯಕ, ಸುತ್ತಲೂ ಪರಿವಾರ. ಉದ್ದ ಸುಮಾರು 20 ಸೆಂಟಿಮೀಟರ್. ಬೊಗೋಟಾದ ವಸ್ತುಸಂಗ್ರಹಾಲಯದಲ್ಲಿರುವ ಅದು ಪಟ್ಟಣದ ಕುರುಹಲ್ಲ, ದೇವರಿಗೆ ಅರ್ಪಿಸಿದ ಕಾಣಿಕೆ. ರಾಲಿಯ ಗ್ರಂಥವನ್ನು ಓದುವವರು ಮನೋವಾವನ್ನು ಅಂತೆಕಂತೆಗಳ ಪಾಲಿಗೆ ಬಿಟ್ಟು, ಕರೋನಿಯ ಜಲಪಾತಗಳ ಎದುರಿಗೆ ನಿಂತ ಆ ಕಣ್ಣುಗಳನ್ನು ನಂಬಬಹುದು. ಅವನು ನಿಜವಾಗಿ ಶೋಧಿಸಿದ್ದು ಆ ನದಿಯನ್ನು. ಅವನಿಗೆ ಅದು ಸಾಲದಾಯಿತು.