ಕಿಕುಚಿಯೊನ ಸಿಟ್ಟು ಎಲ್ಲಿ ಹೋಯಿತು?

ಮೂಲ ದೊಡ್ಡದೋ, ಮರುನಿರ್ಮಾಣ ದೊಡ್ಡದೋ ಎಂಬುದು ನಮ್ಮ ಸಿನಿಮಾ ವಿಮರ್ಶೆಗೆ ಬಲು ಪ್ರಿಯವಾದ ಚರ್ಚೆ. ಕುರೊಸಾವಾನ ‘ಸೆವೆನ್ ಸಮುರಾಯ್’ (1954), ಅದನ್ನೇ ಹಾಲಿವುಡ್ಡಿಗೆ ತಂದ ಜಾನ್ ಸ್ಟರ್ಜಸ್‌ನ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ (1960), ಇವೆರಡರ ಮಾತು ಬಂದರೆ ಮಳೆಯ ಕಾಳಗ, ಕುದುರೆಗಳ ಓಟ, ಕ್ಯಾಮೆರಾದ ಚಲನೆ ಅಂತ ಮುಗಿದುಹೋಗುತ್ತದೆ. ನನ್ನ ಪ್ರಶ್ನೆ ಬೇರೆ. ಆಯುಧ ಹಿಡಿದವನ ಕುಲ ಕೇಳುವ ಲೋಕದಲ್ಲಿ, ಕುಲವಿಲ್ಲದವನು ಆಯುಧ ಹಿಡಿದರೆ ಈ ಚಿತ್ರಗಳು ಅವನನ್ನು ಏನು ಮಾಡುತ್ತವೆ?

ಕಥೆ ಎರಡರಲ್ಲೂ ಒಂದೇ. ದರೋಡೆಕೋರರ ಕಾಟ ತಾಳದ ರೈತರು ಕಾಯಲಿಕ್ಕೆ ಏಳು ಜನರನ್ನು ಕರೆತರುತ್ತಾರೆ. ಕುರೊಸಾವಾನ ಏಳನೆಯವನು ಕಿಕುಚಿಯೊ (ತೊಶಿರೊ ಮಿಫುನೆ), ರೈತನ ಮಗ. ಸಮುರಾಯ್ ಅಂತ ಹೇಳಿಕೊಂಡು ಕದ್ದ ವಂಶಾವಳಿಯೊಂದನ್ನು ತೋರಿಸುತ್ತಾನೆ. ಅದರ ಲೆಕ್ಕಕ್ಕೆ ಅವನ ವಯಸ್ಸು 13! ಉಳಿದವರು ನಗುತ್ತಾರೆ. ಹೆಸರು, ಮನೆತನ ಮುಚ್ಚಿಟ್ಟು ಪಟ್ಟಣದಲ್ಲಿ ಬಾಡಿಗೆ ಮನೆ ಹುಡುಕಿದ ನಮ್ಮೋರಿಗೆ ಆ ನಗುವಿನ ಅರ್ಥ ಗೊತ್ತು. ಅವರ ಬಾವುಟದಲ್ಲೂ ಆರು ಸಮುರಾಯ್‌ಗಳಿಗೆ ಆರು ವೃತ್ತ, ಇವನಿಗೆ ಮಾತ್ರ ತ್ರಿಕೋನ.

ರೈತರು ಬಚ್ಚಿಟ್ಟಿದ್ದ ಕವಚಗಳನ್ನು ಕಿಕುಚಿಯೊ ಹೊರಗೆ ತರುತ್ತಾನೆ. ಅವು ಸೋತು ಓಡಿಬಂದ ಸಮುರಾಯ್‌ಗಳನ್ನು ಕೊಂದು ಕಿತ್ತುಕೊಂಡವು. ಉಳಿದವರಿಗೆ ಕೋಪ ಬರುತ್ತದೆ. ಆಗ ಇವನು ಸಿಡಿಯುತ್ತಾನೆ. ರೈತರು ಜಿಪುಣರು, ಕಪಟಿಗಳು, ಕೊಲೆಗಾರರು, ಎಲ್ಲಾ ನಿಜ. ಆದರೆ ಅವರನ್ನು ಹಾಗೆ ಮಾಡಿದವರು ಯಾರು? ನೀವೇ ಅಲ್ಲವೇ? ಇದು ಕರುಣೆ ಬೇಡುವ ಮಾತಲ್ಲ, ಎದುರಿಗೆ ಕೂತವರ ಮೇಲೆ ಹೊರಿಸಿದ ಆರೋಪ. ನಾಯಕ ಕಂಬೇಯ್ ಕಣ್ಣಲ್ಲಿ ನೀರು ಬರುತ್ತದೆ.

ಹಾಗಂತ ಮೂಲವನ್ನು ಪೂಜೆಗೆ ಇಡಬೇಕಿಲ್ಲ. ಆ ಕವಚಗಳ ಚರ್ಮ ಹದ ಮಾಡಿದವರು ಯಾರು? ಆ ಕಾಲದ ದೊರೆಗಳು ಯುದ್ಧದ ಚರ್ಮಕ್ಕೆ ನೆಚ್ಚಿದ್ದು ಚರ್ಮ ಕೆಲಸದ ಸಮುದಾಯಗಳನ್ನು. ಮುಂದೆ ಅಸ್ಪೃಶ್ಯರೆನಿಸಿ, ಬುರಾಕುಮಿನ್ ಎಂಬ ಹೆಸರು ಹೊತ್ತ ಜನರೇ 1922ರಲ್ಲಿ ಸುಯಿಹೇಯ್‌ಶಾ ಕಟ್ಟಿ ಸಮಾನತೆ ಕೇಳಿದರು. ಕುರೊಸಾವಾನ ಹಳ್ಳಿಯಲ್ಲಿ ಅವರ ಕೇರಿಯೇ ಇಲ್ಲ.

ಅಮೆರಿಕದ ಚಿತ್ರದ ಆರಂಭದ ಭಾಗದಲ್ಲೇ ಒಂದು ಹೆಣವಿದೆ. ಸತ್ತವನು ಮೂಲನಿವಾಸಿ ಇಂಡಿಯನ್, ಊರಿನ ಬಿಳಿಯರು ಅವನನ್ನು ತಮ್ಮ ಸ್ಮಶಾನದಲ್ಲಿ ಹೂಳಲು ಬಿಡುವುದಿಲ್ಲ. ಕ್ರಿಸ್ (ಯುಲ್ ಬ್ರಿನ್ನರ್) ಮತ್ತು ವಿನ್ (ಸ್ಟೀವ್ ಮೆಕ್ವೀನ್) ಬಂದೂಕು ಹಿಡಿದು ಹೆಣದ ಬಂಡಿ ಹೊಡೆಯುತ್ತಾರೆ. ಮಣ್ಣು ಮಾಡಲು ಜಾಗವಿಲ್ಲದೆ ಹೆಣ ಹೊತ್ತು ನಿಂತ ನಮ್ಮ ಕೇರಿಗಳಿಗೆ ಈ ದೃಶ್ಯವನ್ನು ಯಾರೂ ವಿವರಿಸಬೇಕಿಲ್ಲ. ಮೂಲದಲ್ಲಿ ಇಲ್ಲದ್ದನ್ನು ಇಲ್ಲಿ ತಂದಿದ್ದಾರೆ, ಒಪ್ಪೋಣ. ಆದರೆ ಸತ್ತವನಿಗೆ ಸಿಕ್ಕಿದ್ದು ಪೆಟ್ಟಿಗೆ ಮಾತ್ರ, ಕೀರ್ತಿಯೆಲ್ಲ ಬಂಡಿ ಹೊಡೆದವರಿಗೆ.

ಕಿಕುಚಿಯೊ ಇಲ್ಲಿ ಚಿಕೊ ಆಗಿದ್ದಾನೆ. ಮೂಲದ ಎಳೆಯ ಸಮುರಾಯ್‌ ಕತ್ಸುಶಿರೊನನ್ನೂ ಅವನೊಳಗೇ ಸೇರಿಸಿದ್ದಾರೆ. ‘ನಮ್ಮನ್ನು ಹೀಗೆ ಮಾಡಿದವರು ಯಾರು’ ಅಂತ ಅವನೂ ಕೇಳುತ್ತಾನೆ. ಕೇಳುವುದು ಮಾತ್ರ ಊರವರು ಏಳು ಜನರಿಗೂ ದ್ರೋಹ ಮಾಡಿ ಕಲ್ವೇರಾನ ಕೈಗೆ ಒಪ್ಪಿಸಿದ ಮೇಲೆ. ಅಷ್ಟರಲ್ಲಿ ಪ್ರೇಕ್ಷಕ ರೈತರ ಮೇಲೆ ತೀರ್ಪು ಕೊಟ್ಟಾಗಿದೆ. ಆರೋಪ ಬರೀ ಹುಡುಗನ ಸಿಟ್ಟಾಗಿ ಉಳಿಯುತ್ತದೆ. ಕೊನೆಗೆ ಚಿಕೊ ಪಿಸ್ತೂಲಿನ ಪಟ್ಟಿ ಬಿಚ್ಚಿ ಹಳ್ಳಿಯ ಹುಡುಗಿಯ ಜೊತೆ ಕೆಲಸಕ್ಕೆ ಕೂರುತ್ತಾನೆ. ಕಿಕುಚಿಯೊ ದರೋಡೆಕೋರರ ಮುಖಂಡನನ್ನು ಕೊಂದು ಸಾಯುತ್ತಾನೆ, ಅವನ ಗೋರಿಯ ಮೇಲೂ ಉಳಿದ ಮೂವರ ಹಾಗೆಯೇ ಕತ್ತಿ ನೆಡುತ್ತಾರೆ. ಒಬ್ಬನಿಗೆ ಸಮಾನತೆ ಸತ್ತ ಮೇಲೆ. ಇನ್ನೊಬ್ಬನಿಗೆ ಬದುಕು ಸಿಕ್ಕಿದ್ದು ಹುಟ್ಟಿದ ಕಸುಬಿಗೆ ಮರಳಿದ್ದಕ್ಕೆ. ಎರಡನೆಯದು ಸುಖಾಂತ ಅನ್ನುತ್ತಾರೆ. ವರ್ಣಾಶ್ರಮದ ನೀತಿಪಾಠ ಕೇಳಿ ಬೆಳೆದ ಕಿವಿಗೆ ಈ ಸುಖಾಂತದ ದನಿ ಹೊಸದಲ್ಲ.

ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ‘ಶೋಲೆ’ (1975) ಇದೇ ಬಳ್ಳಿಯದು. ಕುರೊಸಾವಾನ ರೈತರು ತಾವು ರಾಗಿಯಂಥ ಕಿರುಧಾನ್ಯ ತಿಂದು ಸಮುರಾಯ್‌ಗಳಿಗೆ ಅನ್ನ ಇಕ್ಕುತ್ತಾರೆ. ಇಲ್ಲಿ ಕೂಲಿ ಕೊಡುವವನೇ ಠಾಕೂರ. ಹಳ್ಳಿಯ ಜನ ಬರೀ ಗುಂಪು. ಅಲ್ಲಿ ಕಿಕುಚಿಯೊ ಹುಟ್ಟಲಿಕ್ಕೇ ಜಾಗವಿಲ್ಲ.

2016ರಲ್ಲಿ ಆಂಟ್ವಾನ್ ಫುಕ್ವಾ ಎಂಬ ಕಪ್ಪು ನಿರ್ದೇಶಕ ಹಾಲಿವುಡ್ಡಿನ ಚಿತ್ರವನ್ನು ಮತ್ತೆ ಮಾಡಿದ. ನಾಯಕ ಡೆನ್ಜೆಲ್ ವಾಷಿಂಗ್ಟನ್. ಏಳು ಜನರಲ್ಲಿ ಒಬ್ಬ ಮೆಕ್ಸಿಕನ್, ಒಬ್ಬ ಏಷ್ಯಾದವ, ಒಬ್ಬ ಕಮಾಂಚಿ. ತೆರೆಯ ಮೇಲೆ ಅವರನ್ನು ಕಂಡು ನನಗೂ ಖುಷಿಯಾಯಿತು. ಆದರೆ ಆ ಏಳು ಜನರಲ್ಲಿ ಯಾರೂ ಊರಿನ ಬಿಳಿಯರ ಎದುರು ನಿಂತು ಕಿಕುಚಿಯೊನ ಪ್ರಶ್ನೆ ಕೇಳುವುದಿಲ್ಲ. ಪಾತ್ರ ಸಿಕ್ಕಿತು, ಮಾತು ಸಿಗಲಿಲ್ಲ.

ಕಮಿಟಿಗಳಲ್ಲಿ, ಅಕಾಡೆಮಿಗಳಲ್ಲಿ, ಪಠ್ಯಗಳಲ್ಲಿ ನಮ್ಮವರು ಎಷ್ಟು ಜನ ಅಂತ ಎಣಿಸುವುದು ಬೇಕು; ಅದು ಹೋರಾಡಿ ಪಡೆದದ್ದು. ಅಲ್ಲಿ ಕೂತವರಿಗೆ ಕವಚದ ರಾಶಿ ಮುಂದಿಟ್ಟು ‘ನೀವೇ’ ಅನ್ನಲು ಆಗುತ್ತದೆಯೇ ಅನ್ನುವುದನ್ನೂ ದಲಿತ ವಿಮರ್ಶೆ ಕೇಳಬೇಕು.